ಕರದಂಟಿನ ಡಬ್ಬಿ, ಹಳದಿ ಹಾಳೆ

ಬಾಗಲಕೋಟೆಯ ಎಪಿಎಂಸಿಯಲ್ಲಿ ನಾನು ಅಡತಿ (ದಲಾಲಿ) ಅಂಗಡಿಯ ದಿವಾನಜಿ, ಅಂದರೆ ಲೆಕ್ಕ ಬರೆಯುವವ. ಕಿರ್ದಿ ಬರೆದು ಬೆರಳು ಸವೆದಿದೆ. 2023ರ ವಿಧಾನಸಭಾ ಚುನಾವಣೆಗೆ ನಮ್ಮ ಕಡೆಯ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು (ನಮಗೆಲ್ಲ ಅವರು ಅಕ್ಕ) ಪಕ್ಷೇತರರಾಗಿ ನಿಂತಾಗ, ಖರ್ಚಿನ ಲೆಕ್ಕ ನನ್ನ ತಲೆಗೆ ಬಂತು. ಈರುಳ್ಳಿ ಲೆಕ್ಕದಂತೆಯೇ ಇದೂ ಇರುತ್ತದೆ ಎಂದುಕೊಂಡು ಒಪ್ಪಿದೆ.

ನಾಮಪತ್ರ ಸಲ್ಲಿಸುವ ಹಿಂದಿನ ದಿನದೊಳಗೆ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ತೆರೆದೆವು. ಹತ್ತು ಸಾವಿರ ಠೇವಣಿ ಕಟ್ಟಿ, ಹತ್ತು ಜನ ಸೂಚಕರ ಸಹಿ ಹಾಕಿಸಿದೆವು. ಚುನಾವಣಾ ಕಚೇರಿಯವರು ಒಂದು ವಹಿ ಕೊಟ್ಟರು. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕು. ಖರ್ಚಿನ ಮಿತಿ 40 ಲಕ್ಷ. ಅದನ್ನು ಕೇಳಿ ಅಕ್ಕ ನಕ್ಕರು. ಊರೂರು ತಿರುಗಿ ಚಂದಾ ಪಟ್ಟಿ ಎತ್ತಿದಾಗ ಐವತ್ತೊಂದು, ನೂರಾ ಒಂದು ಎಂದು ಕೂಡಿದ್ದು ಒಂದೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ.

ಹಾಗಾಗಿ ಸಾಹುಕಾರರ ಬಾಗಿಲಿಗೆ ಹೋದೆವು.

ಮೊದಲನೆಯವರು ಚಹಾ ಕುಡಿಸಿ, ಹೊರಡುವಾಗ ಅಮೀನಗಡದ ಕರದಂಟಿನ ಡಬ್ಬಿ ಕೈಗಿತ್ತರು. ಡಬ್ಬಿ ಹಗುರವಾಗಿತ್ತು. ಕಾರಿನಲ್ಲಿ ಮುಚ್ಚಳ ತೆಗೆದರೆ ಮೇಲೆ ಎರಡು ತುಂಡು ಕರದಂಟು, ಬೆಣ್ಣೆ ಕಾಗದದ ಕೆಳಗೆ ಐನೂರರ ನಾಲ್ಕು ಕಟ್ಟು. ಎರಡು ಲಕ್ಷ. ಒಬ್ಬರಿಂದ ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಕಾರು ತಿರುಗಿಸಿ ಮತ್ತೆ ಅವರ ಪಡಸಾಲೆಗೆ ಹೋದೆ.

"ಸಾಹುಕಾರರೇ, ಇದನ್ನು ಚೆಕ್ಕಿನಲ್ಲಿ ಕೊಡಿ."

"ದಿವಾನಜಿ, ಚೆಕ್ ಕೊಟ್ಟರೆ ನನ್ನ ಹೆಸರು ನಿಮ್ಮ ವಹಿಗೆ ಬೀಳುತ್ತದೆ. ಗೆದ್ದವರು ಅದನ್ನು ಓದಿ ನಾಳೆ ನನ್ನ ಲಾರಿ ಹಿಡಿಸುತ್ತಾರೆ. ನಾನು ಮೂವರಿಗೂ ಕೊಟ್ಟಿದ್ದೇನೆ. ಉಳಿದಿಬ್ಬರು ಏನೂ ಕೇಳಲಿಲ್ಲ."

ಅವರ ಮಾತು ಸುಳ್ಳಲ್ಲ. ಆ ಲೆಕ್ಕದ ಪ್ರತಿಯನ್ನು ಪುಟಕ್ಕೆ ಒಂದು ರೂಪಾಯಿ ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಕೂಲಿಯಾಳುಗಳ ಹೆಸರಿನಲ್ಲಿ ಹತ್ತು ಹತ್ತು ಸಾವಿರ ಹಂಚಿ ಬರೆದುಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಡಬ್ಬಿ ಅಲ್ಲಿಯೇ ಉಳಿಯಿತು. ಅಕ್ಕ ಎರಡು ದಿನ ನನ್ನ ಜೊತೆ ಮುಖ ಕೊಟ್ಟು ಮಾತನಾಡಲಿಲ್ಲ. ಪ್ರಚಾರದ ಟೆಂಪೊಗೆ ಡೀಸೆಲ್ ಹಾಕಿಸಲು ರೊಕ್ಕವಿಲ್ಲದ ಹೊತ್ತಿನಲ್ಲಿ ನನ್ನದು ಹಟ ಎನಿಸಿದ್ದರೆ ಅದು ಅವರ ತಪ್ಪಲ್ಲ.

ಎರಡನೆಯವರು ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕಡೆಯ ಉದ್ಯಮಿ. ಫೋನಿನಲ್ಲಿ ಮೂರು ಲಕ್ಷ ಎಂದರು. ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಅವರ ಆಡಿಟರ್ ಕೇಳಿದರು. ಪಕ್ಷಕ್ಕೋ ಚುನಾವಣಾ ಟ್ರಸ್ಟಿಗೋ ಕೊಟ್ಟರೆ ಸಿಗುತ್ತದೆ, ಪಕ್ಷೇತರ ಅಭ್ಯರ್ಥಿಗೆ ಕೊಟ್ಟರೆ ಇಲ್ಲ ಎಂದೆ. ಮೂರು ಲಕ್ಷವೆಂದಿದ್ದು ಐವತ್ತು ಸಾವಿರಕ್ಕಿಳಿಯಿತು. ಜೊತೆಗೆ ತಮ್ಮ ಬೊಲೆರೊ ಬಿಟ್ಟುಕೊಟ್ಟರು. ಬಿಟ್ಟಿ ಎಂದು ಊರವರು ಸಂತೋಷಪಟ್ಟರು. ನಾನು ಮಾತ್ರ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ನೋಡಿ ದಿನದ ಬಾಡಿಗೆಯನ್ನು ಬಿಳಿ ಹಾಳೆಯಲ್ಲಿ ಬರೆದೆ. ಬಿಟ್ಟಿ ಗಾಡಿಗೂ, ಕುರ್ಚಿಗೂ, ಚಹಾಕ್ಕೂ ಅಲ್ಲಿ ದರವಿದೆ. ಮಿರ್ಚಿ ಭಜಿಗೆ ಯಾವ ಸಾಲಿನಲ್ಲಿ ಜಾಗ ಕೊಡಬೇಕೆಂದು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡಿದ್ದೇನೆ.

ಮೂರನೆಯವರು ನೇರವಾಗಿ ಚೆಕ್ ಕೊಟ್ಟರು. ನಾಲ್ಕು ಲಕ್ಷ. ಏನೂ ಕೇಳಲಿಲ್ಲ, ಅಕ್ಕನ ಹೋರಾಟ ಮೆಚ್ಚಿ ಕೊಡುತ್ತಿದ್ದೇನೆ ಎಂದರು. ಹಳದಿ ಹಾಳೆಯಲ್ಲಿ ಆ ಅಂಕಿ ಬರೆಯುವಾಗ ನನಗೆ ಸಣ್ಣ ಹೆಮ್ಮೆಯೂ ಆಯಿತು. ವಾರದ ನಂತರ ರಾತ್ರಿ ಹತ್ತಕ್ಕೆ ಅವರ ಮ್ಯಾನೇಜರನ ಫೋನು. "ಕರಪತ್ರದ ನಾಲ್ಕನೆಯ ಸಾಲು ಯಾಕೆ ಬೇಕಿತ್ತು?" ಕಬ್ಬಿನ ಬಾಕಿ ಕೊಡಿಸುತ್ತೇವೆ ಎಂಬ ಸಾಲು ಅದು. ಸಾಹುಕಾರರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಲಿದೆ ಎಂಬುದು ನಮಗೆ ಗೊತ್ತಿರಲಿಲ್ಲವೆಂದಲ್ಲ, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ರೊಕ್ಕ ಮರಳಿಸೋಣ ಎಂದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಾ, ಮೂರು ಲಕ್ಷ ಆಗಲೇ ಖರ್ಚಾಗಿದೆ. ಎಲ್ಲಿಂದ ಮರಳಿಸುತ್ತೀರಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಇಂಥ ಚೆಕ್ಕಿನ ರೊಕ್ಕವನ್ನು ಕೆಲವು ದಿನ ಮುಟ್ಟದೆ ಇಡಬೇಕಿತ್ತು. ಅದು ಆ ರಾತ್ರಿ ಹೊಳೆದು ಪ್ರಯೋಜನವೇನು?

ಕರಪತ್ರ ಮತ್ತೆ ಅಚ್ಚಾಯಿತು, ಆ ಸಾಲಿಲ್ಲದೆ. ಕಾನೂನಿನಂತೆ ಕೆಳಗೆ ಮುದ್ರಕರ ಹೆಸರು, ಪ್ರಕಾಶಕರ ಹೆಸರು ಎಲ್ಲವೂ ಇದ್ದವು.

ಮೇ 10ರಂದು ಮತದಾನ, 13ಕ್ಕೆ ಎಣಿಕೆ. ಆರನೆಯ ಒಂದು ಪಾಲು ಮತ ಬರಲಿಲ್ಲ, ಠೇವಣಿ ಹೋಯಿತು. ಮೂವತ್ತು ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಒಪ್ಪಿಸದಿದ್ದರೆ ಮೂರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲವೆಂದು ಆದೇಶ ಬರಬಹುದು. ನಾನು ಹದಿನೆಂಟನೆಯ ದಿನಕ್ಕೆ ಒಪ್ಪಿಸಿದೆ. ಒಂದೇ ಮುದ್ರಣಾಲಯದ ಎರಡು ಬಿಲ್ಲು ನೋಡಿ ಅಲ್ಲಿಯ ಗುಮಾಸ್ತರು, "ಎರಡು ಸಲ ಯಾಕೆ?" ಎಂದರು. "ಮೊದಲನೆಯದು ಸಾಲಲಿಲ್ಲ" ಎಂದೆ. ಅವರು ಠಸ್ಸೆ ಒತ್ತಿ ಸ್ವೀಕೃತಿ ಕೊಟ್ಟರು.

ಹಂಚದೆ ಉಳಿದ ಹಳೆಯ ಕರಪತ್ರಗಳ ಕಟ್ಟು ನಮ್ಮ ಅಂಗಡಿಯ ಅಟ್ಟದ ಮೇಲಿದೆ. ಹಿಂಬದಿ ಖಾಲಿ ಇದೆಯೆಂದು ಹುಡುಗರು ಅದರ ಮೇಲೆ ತೂಕದ ಚೀಟಿ ಬರೆದು ರೈತರಿಗೆ ಕೊಡುತ್ತಿದ್ದಾರೆ. ಬೇಡವೆಂದು ನಾನು ಇನ್ನೂ ಹೇಳಿಲ್ಲ.