ಇನ್ಸ್‌ಪೆಕ್ಟರ್ ಬಂದಾಗ ನಾನು ಕೇಳಿ ಪಡೆಯುವ ಕಾಗದಗಳು

ಕುಮಟಾದಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಡ್ರಗ್ ಇನ್ಸ್‌ಪೆಕ್ಟರ್ ಬಂದರೆ ಸಾಕು, ನಮ್ಮ ಕಡೆ ಎಷ್ಟೋ ಅಂಗಡಿಯವರು ತೋರಿಸಿದಲ್ಲಿ ಸಹಿ ಹಾಕಿ ಕಳಿಸಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ, ಜಗಳವನ್ನೂ ಆಡುವುದಿಲ್ಲ. 1940ರ ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ಕಾಯ್ದೆ ಅವರಿಗೆ ದೊಡ್ಡ ಅಧಿಕಾರವನ್ನೇ ಕೊಟ್ಟಿದೆ. ಆದರೆ ಅದನ್ನು ಬಳಸಲು ಕಾಗದವನ್ನೂ ವಾಯಿದೆಯನ್ನೂ ಇಟ್ಟಿದೆ. ಆ ಕಾಗದ ನನಗೆ ಬೇಕು.

ಒಳಗೆ ಬರಬೇಡಿ ಅನ್ನುವ ಹಕ್ಕು ನಮಗಿಲ್ಲ. ಸೆಕ್ಷನ್ 22ರ ಪ್ರಕಾರ ಅವರು ತಪಾಸಣೆ ಮಾಡಬಹುದು, ಸ್ಯಾಂಪಲ್ ತೆಗೆಯಬಹುದು, ದಾಖಲೆ ಕೇಳಬಹುದು. ಅಡ್ಡಿ ಮಾಡಿದರೆ ಮೂರು ವರ್ಷದವರೆಗೆ ಜೈಲು. ಹಾಗಾಗಿ ಲೈಸೆನ್ಸ್, ಖರೀದಿ ಬಿಲ್ಲು, ಶೆಡ್ಯೂಲ್ ಎಚ್1 ರಿಜಿಸ್ಟರ್ (ಕೆಲವು ಆ್ಯಂಟಿಬಯಾಟಿಕ್‌ನಂಥ ಔಷಧಗಳ ಮಾರಾಟ ಬರೆದಿಡುವ ಪುಸ್ತಕ), ಫಾರ್ಮ್ 35ರ ಇನ್ಸ್‌ಪೆಕ್ಷನ್ ಬುಕ್ ಎಲ್ಲ ಕೇಳುವ ಮೊದಲೇ ಮುಂದಿಡುತ್ತೇನೆ.

ಒಮ್ಮೆ ಒಬ್ಬ ಅಧಿಕಾರಿ ಮಕ್ಕಳ ಸಿರಪ್‌ನ ಒಂದು ಬ್ಯಾಚ್ ತೋರಿಸಿ, "ಇದನ್ನ ಬದಿಗಿಡಿ, ನಾನು ಹೇಳೋ ತನಕ ಮಾರ್ಬೇಡಿ" ಅಂದರು.

"ಖಂಡಿತ ಮಾರೋದಿಲ್ಲ ಸರ್. ಫಾರ್ಮ್ 15ರಲ್ಲಿ ಬರೆದುಕೊಡಿ."

"ಬಾಯಲ್ಲಿ ಹೇಳಿದ್ರೆ ಸಾಕಾಗೋದಿಲ್ವಾ?"

"ಡಿಸ್ಟ್ರಿಬ್ಯೂಟರ್‌ಗೆ ತಿಳಿಸ್ಬೇಕು ಸರ್, ತಾರೀಖು ಬೇಕಾಗ್ತದೆ."

ಮುಖ ಸ್ವಲ್ಪ ಗಂಟಾಯಿತು, ಆದರೆ ಬರೆದುಕೊಟ್ಟರು. ಮಾರಾಟ ತಡೆಯುವ ಈ ಆದೇಶ 20 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ತಪ್ಪಿಲ್ಲ ಅಂತ ಗೊತ್ತಾದರೆ ಕೂಡಲೇ ಹಿಂದೆ ಪಡೆಯಬೇಕು. ಸ್ಟಾಕ್ ಜಪ್ತಿ ಮಾಡಿದರೆ ಫಾರ್ಮ್ 16ರ ರಸೀದಿ ಕೊಡಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ಬಾಯಿಮಾತಿನ ಆದೇಶಕ್ಕೆ ಮುಗಿಯುವ ದಿನವೇ ಇರುವುದಿಲ್ಲ, ಅಲ್ವಾ?

ಸ್ಯಾಂಪಲ್ ತೆಗೆಯುವಾಗ ನಾನು ಕೌಂಟರ್ ಬಿಟ್ಟು ಅಲ್ಲಾಡುವುದಿಲ್ಲ. ಯಾಕೆ ತೆಗೆಯುತ್ತಿದ್ದಾರೆ ಅಂತ ಫಾರ್ಮ್ 17ರಲ್ಲಿ ಬರೆದು ಕೊಡಬೇಕು, ಬೆಲೆಯನ್ನೂ ಕೊಡಬೇಕು. ನಮ್ಮೆದುರೇ ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ಮಾತ್ರೆಯಾದರೆ ಬಿಡಿಸುವುದಿಲ್ಲ, ಇಡೀ ಸ್ಟ್ರಿಪ್‌ಗಳನ್ನೇ ಕವರಿಗೆ ಹಾಕುತ್ತಾರೆ. ಒಂದು ಭಾಗ ನಮಗೆ, ಒಂದು ಸರ್ಕಾರಿ ಅನಲಿಸ್ಟ್‌ಗೆ, ಒಂದು ಕೋರ್ಟಿಗೆ, ಇನ್ನೊಂದು ನಾವು ಯಾರಿಂದ ತಂದೆವು ಅಂತ ಹೇಳುತ್ತೇವೋ ಅವರಿಗೆ. ಸೀಲ್ ಹಾಕಿದ ಭಾಗಗಳ ಮೇಲೆ ನಮ್ಮ ಸೀಲನ್ನೂ ಹಾಕಲು ಸೆಕ್ಷನ್ 23 ಅವಕಾಶ ಕೊಟ್ಟಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ನಾನು ಪ್ರತಿ ಕವರಿನ ಮೇಲೂ ಅಂಗಡಿಯ ಸೀಲ್ ಒತ್ತಿ, ಅರ್ಧ ಸಹಿ ಅಂಟಿನ ಮೇಲೆ, ಅರ್ಧ ಕಾಗದದ ಮೇಲೆ ಬರುವ ಹಾಗೆ ಹಾಕುತ್ತೇನೆ.

ಅನಲಿಸ್ಟ್ ವರದಿ ನಮ್ಮ ವಿರುದ್ಧ ಬಂದರೂ ಕಥೆ ಮುಗಿಯಲಿಲ್ಲ. ಆ ವರದಿಯ ಪ್ರತಿ ನಮ್ಮ ಕೈಗೆ ಬಂದ 28 ದಿನದೊಳಗೆ, ಇದನ್ನು ಪ್ರಶ್ನಿಸುತ್ತೇನೆ ಅಂತ ಬರೆದು ತಿಳಿಸಬೇಕು. ಆಗ ಕೋರ್ಟಿನಲ್ಲಿರುವ ಭಾಗವನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿ ಅಂತ ಕೇಳಬಹುದು. ಸುಮ್ನೆ ಕೂತರೆ ಆ ವರದಿಯೇ ಅಂತಿಮ ಸಾಕ್ಷ್ಯ.

ಲೈಸೆನ್ಸ್ ಇರುವವರಿಂದಲೇ ಕೊಂಡಿದ್ದೇವೆ, ದೋಷ ಗೊತ್ತಾಗುವ ದಾರಿ ಇರಲಿಲ್ಲ, ಸರಿಯಾಗಿ ಇಟ್ಟಿದ್ದೇವೆ, ಬಂದ ಹಾಗೇ ಇದೆ ಅಂತ ತೋರಿಸಿದರೆ ಸೆಕ್ಷನ್ 19 ಮಾರುವವರನ್ನು ಕಾಯುತ್ತದೆ. ಆ 'ಸರಿಯಾಗಿ ಇಟ್ಟಿದ್ದೇವೆ' ಅನ್ನುವುದೇ ನಮ್ಮ ಕರಾವಳಿಯಲ್ಲಿ ಕಷ್ಟ. ಜೂನ್ ಬಂತೆಂದರೆ ಗೋಡೆಯೇ ಒದ್ದೆ, ಕರೆಂಟಿನ ಭರವಸೆ ಇಲ್ಲ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅದಕ್ಕೆ ಬೆಳಿಗ್ಗೆ, ಸಂಜೆ ಫ್ರಿಜ್ ಉಷ್ಣತೆ ಬರೆದಿಡುತ್ತೇನೆ. ಕರೆಂಟ್ ಹೋಗಿದ್ದು, ಇನ್ವರ್ಟರ್ ಹಾಕಿದ್ದು ಕೂಡ ಬರೆಯುತ್ತೇನೆ. ಆ ಪುಸ್ತಕವೇ ನನ್ನ ವಕೀಲ.

ಇನ್ಸ್‌ಪೆಕ್ಟರ್ ಸಿಟ್ಟಿನಲ್ಲಿ "ಲೈಸೆನ್ಸ್ ರದ್ದು ಮಾಡ್ತೇನೆ" ಅಂದರೂ ಹೆದರಬೇಕಿಲ್ಲ. ಅದು ಲೈಸೆನ್ಸಿಂಗ್ ಅಥಾರಿಟಿಯ ಕೆಲಸ. ಅವರೂ ಮೊದಲು ಶೋಕಾಸ್ ನೋಟಿಸ್ ಕೊಟ್ಟು, ಕಾರಣ ಬರೆದು ಆದೇಶ ಮಾಡಬೇಕು. ಅದರ ಮೇಲೆ ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು.

ಪೊಲೀಸರ ವಿಷಯ ಬೇರೆ. ಈ ಕಾಯ್ದೆಯ 4ನೇ ಅಧ್ಯಾಯದ ಅಪರಾಧಕ್ಕೆ ಪೊಲೀಸರು ಎಫ್‌ಐಆರ್ ಹಾಕುವ ಹಾಗಿಲ್ಲ, ಅದು ಡ್ರಗ್ ಇನ್ಸ್‌ಪೆಕ್ಟರ್ ನೋಡಬೇಕಾದ್ದು ಅಂತ 2020ರಲ್ಲಿ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಾದಕ ವಸ್ತು ತಡೆ ಕಾಯ್ದೆಯಲ್ಲಿ ಪೊಲೀಸರಿಗೆ ಅಧಿಕಾರ ಇದೆ. ಅದಕ್ಕೇ ಕೊಡೀನ್ (ಅಫೀಮು ಜಾತಿಯ ಔಷಧ) ಇರುವ ಕೆಮ್ಮಿನ ಸಿರಪ್‌ನ ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಡಾಕ್ಟರ ಚೀಟಿಯ ಪ್ರತಿ ಮೂರನ್ನೂ ಬೇರೆಯೇ ಒಂದು ಫೈಲಿನಲ್ಲಿ ಇಟ್ಟಿದ್ದೇನೆ.