ಮಳೆಗಾಲಕ್ಕೆ ಹೋಮ್‌ಸ್ಟೇ ಮುಚ್ಚಿ ವಾಯೆ ರೆಬೊಗೆ ಹೋಗುವುದು ಹೇಗೆ

ಜೂನ್ ಹಿಡಿಯಿತೆಂದರೆ ಕೊಡಗಿನ ಮಾದಾಪುರದ ಹತ್ತಿರ ನಮ್ಮ ಹೋಮ್‌ಸ್ಟೇಗೆ ಬರುವವರು ಕಡಿಮೆ. 2018ರಲ್ಲಿ ಗುಡ್ಡ ಜರಿದದ್ದನ್ನು ಕಣ್ಣಾರೆ ನೋಡಿದ ಮೇಲೆ ನಾನೂ ಯಾರನ್ನೂ ಕರೆಯುವುದಿಲ್ಲ. ಎರಡು ತಿಂಗಳು ಕಂಬಳಿಯ ಬೂಷ್ಟು ಒರೆಸುತ್ತಾ ಕೂರುವುದು ಯಾಕೆ ಅಂತ ನಾನೂ ನಾದಿನಿಯೂ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪಕ್ಕೆ ಹೋಗಿ ಬಂದೆವು. ಅಲ್ಲಿ ಬೆಟ್ಟದ ನಡುವೆ ವಾಯೆ ರೆಬೊ ಅಂತ ಒಂದು ಊರಿದೆ. ಏಳೇ ಮನೆ, ಸುತ್ತ ಕಾಫಿ ತೋಟ. ಅವರ ಭಾಷೆಯಲ್ಲಿ ವಾಯೆ ಅಂದರೆ ನೀರು.

ಹೋಗುವುದಾದರೆ ನಮ್ಮ ಮಳೆಗಾಲದಲ್ಲೇ ಹೋಗಿ. ಫ್ಲೋರೆಸ್ ಇರುವುದು ಭೂಮಧ್ಯರೇಖೆಯ ಕೆಳಗೆ. ನಮ್ಮಲ್ಲಿ ಜಡಿಮಳೆ ಸುರಿಯುವಾಗ ಅಲ್ಲಿ ಬಿಸಿಲು, ಕಾಫಿ ಕೊಯ್ಲು. ನವೆಂಬರಿನಿಂದ ಮಾರ್ಚ್‌ವರೆಗೆ ಅವರಿಗೆ ಮಳೆ. ಆಗ ದಾರಿ ಜಾರುತ್ತದೆ, ಜಿಗಣೆ ಕಾಟ ಬೇರೆ. ನಾದಿನಿ ಬ್ಯಾಗಿನಲ್ಲಿ ಹೊಗೆಸೊಪ್ಪು ಸುಣ್ಣ ತಂದಿದ್ದಳು, ಪುಣ್ಯಕ್ಕೆ ಬೇಕಾಗಲಿಲ್ಲ.

ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ ವಿಮಾನ, ಅಲ್ಲಿಂದ ಸುಮಾರು ಒಂದೂಕಾಲು ಗಂಟೆಯಲ್ಲಿ ಲಾಬುವಾನ್ ಬಾಜೊ. ಕೊಮೊಡೊ ಹಲ್ಲಿ ನೋಡಲು ಹೋಗುವವರೆಲ್ಲ ಇಳಿಯುವುದು ಅಲ್ಲೇ, ನಮ್ಮ ಪುಣ್ಯಕ್ಕೆ ಅವರು ಸಮುದ್ರದ ಕಡೆ ತಿರುಗುತ್ತಾರೆ. ವೀಸಾ ಇಳಿದ ಮೇಲೆ ಸಿಗುತ್ತದೆ, 30 ದಿನಕ್ಕೆ. ನಾವು ಕೊಟ್ಟಿದ್ದು 5 ಲಕ್ಷ ರುಪಯಾ. ಗಾಬರಿಯಾಗಬೇಡಿ, ಅವರ 1 ಲಕ್ಷದ ನೋಟು ನಮ್ಮ ಐನೂರು ಚಿಲ್ಲರೆ ಅಷ್ಟೇ. ಬೇಕಾದಷ್ಟು ನೋಟು ಲಾಬುವಾನ್ ಬಾಜೊದಲ್ಲೇ ತೆಗೆದುಕೊಂಡುಬಿಡಿ. ಮುಂದೆ ಎಟಿಎಂ ನಂಬಿ ಹೋಗಬೇಡಿ.

ಬೆಟ್ಟದ ಬುಡದ ಊರು ದೆಂಗೆ. ಕಾರು ಮಾಡಿಕೊಂಡರೆ ನಾಲ್ಕೈದು ಗಂಟೆ. ನಾವು ಕಾರಿನಲ್ಲೇ ಹೋದೆವು, ಅರ್ಧ ದಾರಿಯಲ್ಲಿ ಡ್ರೈವರ್ ರೇಟು ಏರಿಸಿದ. ಹತ್ತುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆ ಖರ್ಚಿನ ದಾರಿ ಬೇಕೆಂದರೆ ರುತೆಂಗ್ ಪೇಟೆಗೆ ಬಸ್ಸು ಹಿಡಿದು, ಅಲ್ಲಿಂದ ಓಟೋ ಕಾಯು ಹತ್ತಿ. ಹೆಸರಿಗೆ ಮರದ ಗಾಡಿ, ನೋಡಿದರೆ ಬೆಂಚು ಹಾಕಿದ ಲಾರಿ. ರುತೆಂಗ್ ದಾರಿಯಲ್ಲಿ ಚಾಂಚಾರ್ ಹತ್ತಿರ ಇಳಿದು ಗದ್ದೆ ನೋಡುವುದನ್ನು ಮರೆಯಬೇಡಿ. ಜೇಡರ ಬಲೆಯ ಹಾಗೆ ನಡುವಿನಿಂದ ಸುತ್ತಲೂ ಗೆರೆ ಎಳೆದು, ಊರಿನ ಜಾಗವನ್ನು ಕುಟುಂಬಗಳಿಗೆ ಹಂಚಿದ್ದಾರೆ. ನಮ್ಮಲ್ಲಿ ಜಮ್ಮಾ ಅನ್ನುವ, ಮನೆತನಕ್ಕೆ ಸೇರಿದ ಜಾಗದ ಪಾಲಿನ ಜಗಳ ನೋಡಿ ಬೆಳೆದವಳು ನಾನು, ತುಂಬಾ ಹೊತ್ತು ನೋಡಿದೆ.

ರಾತ್ರಿ ದೆಂಗೆಯಲ್ಲಿ ಮಲಗಿ ಬೆಳಿಗ್ಗೆ ಬೇಗ ಹೊರಡಿ. ಮೊದಲ ತುಂಡಿಗೆ ಓಜೆಕ್ ಅನ್ನುವ ಬಾಡಿಗೆ ಬೈಕ್ ಇದೆ, ವಾಯೆ ಲೊಂಬಾ ಹೊಳೆಯವರೆಗೆ ಬಿಡುತ್ತದೆ. ಆಮೇಲೆ ಕಾಲ್ನಡಿಗೆ. ಎರಡು ಗಂಟೆ ಅನ್ನುತ್ತಾರೆ, ನಮ್ಮಂಥ ಮಂಡಿಯವರಿಗೆ ಮೂರು. ನಮ್ಮ ಕಡೆಯ ಕೋಟೆಬೆಟ್ಟ ಹತ್ತಿದವರಿಗೆ ಇದೇನೂ ಕಷ್ಟವಲ್ಲ, ಪೊಚೊ ರೊಕೊ ಅನ್ನುವ ಜಾಗದವರೆಗೆ ಮಾತ್ರ ಏದುಸಿರು ಬರುತ್ತದೆ. ಊರಿನ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ. ದಾರಿ ತಪ್ಪುತ್ತದೆ ಅಂತಲ್ಲ, ಮೇಲೆ ನಿಮ್ಮ ಪರವಾಗಿ ಮಾತಾಡಲು ಒಬ್ಬರು ಬೇಕು.

ಊರು ಕಾಣುವ ತಿರುವಿನಲ್ಲಿ ಒಂದು ಸಣ್ಣ ಗುಡಿಸಲಿದೆ. ಅಲ್ಲಿ ಬಿದಿರು ಬಡಿದು, ಜನ ಬರುತ್ತಿದ್ದಾರೆ ಅಂತ ಕೆಳಗೆ ತಿಳಿಸಬೇಕು. ಕೆಳಗೆ ನೋಡಿದರೆ ಹಸಿರು ಬಟ್ಟಲಿನೊಳಗೆ ಕವುಚಿ ಇಟ್ಟ ಮಂಕರಿಗಳ ಹಾಗೆ ಏಳು ಮನೆ. ನನಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಕಾಲಿಟ್ಟ ತಕ್ಷಣ ಫೋನ್ ಎತ್ತಿದೆ. ಜೊತೆಗಿದ್ದ ಹುಡುಗ ಮೆಲ್ಲಗೆ ನನ್ನ ಕೈ ಕೆಳಗಿಳಿಸಿದ. ದೊಡ್ಡ ಮನೆಗೆ ಹೋಗಿ ಹಿರಿಯರ ಅಪ್ಪಣೆ ಆಗುವವರೆಗೆ ಫೋಟೋ ತೆಗೆಯುವಂತಿಲ್ಲ. "ಅತ್ತಿಗೆ, ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವರಿಗೆ ನೀವು ಬಯ್ಯಲ್ವಾ? ಇದೂ ಹಾಗೇ," ಅಂದಳು ನಾದಿನಿ. ಉತ್ತರ ಕೊಡಲಿಲ್ಲ.

ದೊಡ್ಡ ಮನೆಯ ಹೆಸರು ನಿಯಾಂಗ್ ಗೆಂದಾಂಗ್. ಗೆಂದಾಂಗ್ ಅಂದರೆ ಡೋಲು, ಊರಿನ ಡೋಲುಗಳೆಲ್ಲ ಅಲ್ಲೇ ಇರುತ್ತವೆ. ಎಂಟು ಕುಟುಂಬ ಅದೊಂದರಲ್ಲೇ ವಾಸ. ಕೊಡವರ ಐನ್‌ಮನೆ, ಅಂದರೆ ಕುಲದ ಮೂಲಮನೆ ಕಂಡವರಿಗೆ ಅಲ್ಲಿನ ಗತ್ತು ಬೇಗ ಅರ್ಥವಾಗುತ್ತದೆ. ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋಗಿ, ಚಾಪೆ ಮೇಲೆ ಸುಮ್ನೆ ಕುಳಿತುಕೊಳ್ಳಿ. ಹಿರಿಯರು ತಮ್ಮ ಮಂಗರಾಯ್ ಭಾಷೆಯಲ್ಲಿ ಪೂರ್ವಜರಿಗೆ ನಿಮ್ಮನ್ನು ಒಪ್ಪಿಸುತ್ತಾರೆ, ವಾಪಸ್ ಮನೆ ಸೇರುವವರೆಗೆ ಕಾಯಿರಿ ಅಂತ. ಚಿಕ್ಕ ಮೊತ್ತವನ್ನು ಮಡಚಿ ಕೊಡುವ ಪದ್ಧತಿಯಿದೆ. ಎಷ್ಟು ಅಂತ ಹುಡುಗನನ್ನು ಕೆಳಗೇ ಕೇಳಿಟ್ಟುಕೊಳ್ಳಿ, ಅಲ್ಲಿ ಪರ್ಸ್ ಬಿಚ್ಚಿ ಎಣಿಸುತ್ತಾ ಕೂರಬೇಡಿ. ಅಂಗಳದ ನಡುವೆ ಕಲ್ಲು ಜೋಡಿಸಿದ ದುಂಡಗಿನ ಜಗಲಿ ಕಾಣುತ್ತದೆ. ಅದು ಚೊಂಪಾಂಗ್, ಪೂಜೆಯ ಜಾಗ. ಫೋಟೋಗೆಂದು ಅದರ ಮೇಲೆ ಹತ್ತಬೇಡಿ.

ಮನೆಯೊಳಗೆ ಅಟ್ಟದ ಮೇಲೆ ಅಟ್ಟ, ಒಟ್ಟು ಐದು ಅಂತಸ್ತು. ಕೆಳಗೆ ಜನ, ಅದರ ಮೇಲೆ ದಿನಬಳಕೆಯ ಸಾಮಾನು, ಮೂರನೆಯದರಲ್ಲಿ ಬಿತ್ತನೆ ಬೀಜ, ನಾಲ್ಕರಲ್ಲಿ ಬರಗಾಲಕ್ಕೆಂದು ಇಟ್ಟ ದಾಸ್ತಾನು, ತುದಿಯಲ್ಲಿ ಪೂರ್ವಜರ ಎಡೆ. ಒಂದು ಮೊಳೆಯೂ ಇಲ್ಲ, ಎಲ್ಲಾ ಬೆತ್ತದ ಕಟ್ಟು. ನಡುವೆ ಒಲೆ. ಹೊಗೆ ಮೇಲೇರಿ ಹುಲ್ಲಿನ ಹೊದಿಕೆಗೆ ಹುಳ ಹಿಡಿಯದಂತೆ ಕಾಯುತ್ತದೆ. ನಮ್ಮ ಅಜ್ಜಿ ಮನೆಯ ಅಟ್ಟದ ಕಾಳು ಕೆಡದೆ ಉಳಿಯುತ್ತಿದ್ದದ್ದೂ ಹೊಗೆಯಿಂದಲೇ. ಕಣ್ಣುರಿಯುತ್ತದೆ, ಗೊಣಗಬೇಡಿ.

ಒಂದು ಕಾಲದಲ್ಲಿ ನಾಲ್ಕೇ ಮನೆ ಉಳಿದಿದ್ದವಂತೆ. 2008ರಲ್ಲಿ ಜಕಾರ್ತಾದ ವಾಸ್ತುಶಿಲ್ಪಿ ಯೋರಿ ಅಂತಾರ್ ಇಲ್ಲಿಗೆ ಬಂದರು. ಹಣ ಹೊಂದಿಸಿದರು, ಆದರೆ ಕಟ್ಟಿದ್ದು ಊರಿನವರೇ, ಹಿರಿಯರಿಂದ ಕಿರಿಯರು ಕಲಿತು. 2012ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು. ನಮ್ಮ ಕಡೆ ಹಳೇ ಮನೆ ಕೆಡವಿ ಕಾಂಕ್ರೀಟ್ ಕಾಟೇಜ್ ಎಬ್ಬಿಸುವವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ರಾತ್ರಿ ಉಳಿಯಿರಿ, ಬೆಳಿಗ್ಗೆ ಬಂದು ಸಂಜೆ ಇಳಿಯುವುದು ದಂಡ. ಅತಿಥಿಗಳಿಗೆ ಒಂದೇ ಮನೆ. ದುಂಡಗೆ ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗುವುದು. ಬೇರೆ ರೂಮು, ಬಿಸಿನೀರು ಕೇಳಬೇಡಿ (ನನ್ನ ಹತ್ತಿರ ಕೇಳುವವರಿಗೂ ಈಗ ಹೀಗೇ ಹೇಳುತ್ತಿದ್ದೇನೆ). ಎತ್ತರ ಹೆಚ್ಚುಕಡಿಮೆ ಮಡಿಕೇರಿಯಷ್ಟೇ, ಆದ್ದರಿಂದ ಸ್ವೆಟರ್ ಬೇಕೇ ಬೇಕು. ಫೋನ್ ಸಿಗ್ನಲ್ ಸಿಗಲಿಲ್ಲ. ನಾವಿದ್ದಾಗ ಜನರೇಟರ್ ಸಂಜೆ ಸ್ವಲ್ಪ ಹೊತ್ತು ಮಾತ್ರ, ಟಾರ್ಚ್ ಒಯ್ಯಿರಿ. ಊಟಕ್ಕೆ ಅನ್ನ, ಸೊಪ್ಪು, ಮೊಟ್ಟೆ, ಸಂಬಾಲ್ ಅನ್ನುವ ಖಾರದ ಚಟ್ನಿ. ಮಾಂಸ ತಿನ್ನದ ನಾದಿನಿಗೂ ತೊಂದರೆಯಾಗಲಿಲ್ಲ.

ನಾಲ್ಕು ಮಾತು ಕಲಿತು ಹೋಗಿ. ಧನ್ಯವಾದಕ್ಕೆ ತೆರಿಮಾ ಕಾಸಿ. ದೊಡ್ಡ ಹೆಂಗಸರನ್ನು ಇಬು, ಗಂಡಸರನ್ನು ಬಾಪಕ್ ಅನ್ನಿ. ಇಂಡೋನೇಷ್ಯಾ ಭಾಷೆಯಲ್ಲಿ ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ. ಒಬ್ಬರು "ಇಸ್ತ್ರಿ?" ಅಂತ ಕೇಳಿದಾಗ ನಾದಿನಿ ತನ್ನ ಸುಕ್ಕಾದ ಚೂಡಿದಾರ ಸರಿಮಾಡಿಕೊಂಡಳು.

ಬೆಳಿಗ್ಗೆ ಮಂಜು ಸರಿದ ಮೇಲೆ ಕಾಫಿ ಕೆಲಸ ನೋಡಿ. ಅಂಗಳದಲ್ಲೇ ಚಾಪೆ ಮೇಲೆ ಒಣಗಿಸಿ, ಒರಳಲ್ಲಿ ಕುಟ್ಟುತ್ತಾರೆ. ನಾನೂ ಒನಕೆ ಹಿಡಿದೆ, ಹೆಂಗಸರು ನಕ್ಕು ಜಾಗ ಬಿಟ್ಟರು. ಕೊಡುವುದು ಸೋಸದ ಕರಿ ಕಾಫಿ, ಜಾಸ್ತಿ ಸಕ್ಕರೆ. ಬೆಲ್ಲದ ಕಾಫಿ ಕುಡಿದು ಬೆಳೆದವರಿಗೆ ಹೊಸದೇನಲ್ಲ. ಗಸಿ ಕೆಳಗಿಳಿಯಲು ಬಿಡಿ, ಕೊನೆಯ ಗುಟುಕು ಲೋಟದಲ್ಲೇ ಇರಲಿ.

ಮನೆಗೆ ತರುವುದಾದರೆ ಹುರಿದ ಪುಡಿ ಮಾತ್ರ ತನ್ನಿ. ನಮ್ಮ ತೋಟದಲ್ಲಿ ಹಾಕಿ ನೋಡೋಣ ಅಂತ ಹಸಿ ಬೀಜ ಜೇಬಿಗಿಳಿಸುವ ಆಸೆ ಬೆಳೆಗಾರರಿಗೆಲ್ಲ ಬರುತ್ತದೆ, ನನಗೂ ಬಂತು. ಪರವಾನಗಿಯಿಲ್ಲದೆ ತರುವಂತಿಲ್ಲ. ಕಾಫಿ ಕಾಯಿ ಕೊರೆಯುವ ಕಾಯಿಕೊರಕ ಹುಳ ನಮ್ಮ ದೇಶಕ್ಕೆ ಕಾಲಿಟ್ಟದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅದರ ಕಾಟ ಇನ್ನೂ ಮುಗಿದಿಲ್ಲ, ಇನ್ನೊಂದು ಹುಳ ನಾನು ತರಬೇಕಾ?

ಅರ್ಧ ಕಿಲೋ ಪುಡಿ ತಂದೆ. ಬೆಲ್ಲ ಹಾಕಿ ಕುದಿಸಿ ಯಜಮಾನರಿಗೆ ಕೊಟ್ಟೆ. ಹೊರಗೆ ಮಳೆ ನಿಂತಿರಲಿಲ್ಲ. "ಇದು ರೊಬಸ್ಟಾನೇ, ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ," ಅಂದರು. ಆಮೇಲೆ ಲೋಟ ಮುಂದೆ ಚಾಚಿದರು.