ಲಾನ್ ಮೋವರ್ ಟ್ಯಾಂಕಿನ ಗಾಳಿತೂತು ಸರಿಪಡಿಸುವುದು

ಹುಲ್ಲು ಕತ್ತರಿಸುವ ಮೋವರ್ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಆಮೇಲೆ ತಡವರಿಸಿ ನಿಂತರೆ ನಾನು ಮೊದಲು ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಬಿಚ್ಚುವುದಿಲ್ಲ, ಟ್ಯಾಂಕಿನ ಮುಚ್ಚಳ ನೋಡುತ್ತೇನೆ. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು ಅಲ್ವಾ? ಆ ಗಾಳಿತೂತು ಬಹಳಷ್ಟು ಮೋವರ್‌ಗಳಲ್ಲಿ ಮುಚ್ಚಳದಲ್ಲೇ ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿಯುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್ ವೈರ್ ಕಳಚಿ. ಬಯಲಲ್ಲೇ ಕೆಲಸ ಮಾಡಿ, ಹತ್ತಿರ ಬೆಂಕಿ ಬೇಡ. ಮುಚ್ಚಳ ನಿಧಾನವಾಗಿ ತಿರುಗಿಸುವಾಗ ಗಾಳಿ ಒಳಗೆ ಎಳೆದುಕೊಳ್ಳುವ 'ಸುಸ್' ಸದ್ದು ಬಂದರೆ ತೊಂದರೆ ಅಲ್ಲೇ ಇದೆ.

ಮುಚ್ಚಳವನ್ನು ಸೋಪು ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಸೂಜಿ ಚುಚ್ಚಬೇಡಿ, ಒಳಗಿನ ತೆಳು ರಬ್ಬರ್ ಹರಿದುಹೋಗಬಹುದು. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಯಿಸಿ. ಚೆನ್ನಾಗಿ ಒಣಗಿದ ಮೇಲೆಯೇ ಹಾಕಿ, ಒಂದು ಹನಿ ನೀರೂ ಟ್ಯಾಂಕಿಗೆ ಇಳಿಯಬಾರದು.

ಮುಚ್ಚಳದ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಅಂಟು ಹಾಕಬೇಡಿ, ಪೆಟ್ರೋಲ್ ಅದನ್ನು ಕರಗಿಸಿಬಿಡಬಹುದು. ಸುಮ್ನೆ ಹೊಸ ತೂತು ಕೊರೆಯುವುದಂತೂ ಬೇಡವೇ ಬೇಡ. ಆ ತೂತಿನಿಂದ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಚೆಲ್ಲಿದರೆ ಬೆಂಕಿ ಹತ್ತಬಹುದು. ನಿಮ್ಮ ಮಾಡೆಲ್ ನಂಬರಿಗೆ ಹೊಂದುವ, ಗಾಳಿತೂತಿರುವ ಮುಚ್ಚಳವನ್ನೇ ತನ್ನಿ. ಕೆಲವು ಮೋವರ್‌ಗಳಲ್ಲಿ ಗಾಳಿ ಬರುವುದು ಟ್ಯಾಂಕಿನ ಪಕ್ಕದ ಸಣ್ಣ ಪೈಪಿನಿಂದ. ಅದು ಮಡಚಿದೆಯಾ, ಸೀಳಿದೆಯಾ ಅಂತಲೂ ನೋಡಿ.